ಆನ್‌ಲೈನ್ ವೃತ್ತಿ ತರಬೇತಿಯನ್ನು ಬೇರೆ ಸಂಸ್ಥೆಯ ಜೊತೆ ಹೋಲಿಸುವಾಗ ಏನನ್ನು ಅಳೆಯಬೇಕು?

ನಿಮ್ಮ ಆನ್‌ಲೈನ್ ಫಿಟ್ಟರ್ ಕೋರ್ಸ್ ಬೇರೆಯವರದ್ದಕ್ಕೆ ಹೋಲಿಸಿದರೆ ಹೇಗಿದೆ ಎಂದು ಮೇಲಿನವರು ಕೇಳುತ್ತಿದ್ದಾರೆ. ನಿಮ್ಮ ಹತ್ತಿರ ಇರುವುದು ಲಾಗಿನ್ ಲೆಕ್ಕ ಮತ್ತು ಕೋರ್ಸ್ ಮುಗಿಸಿದವರ ಶೇಕಡಾ ಲೆಕ್ಕ ಮಾತ್ರ. ಇಷ್ಟು ಸಾಕಾ ಎಂದು ಕೇಳಿದ್ದೀರಿ. ಸಾಲದು. ನಾನೂ ಒಂದು ಸಲ ಅಷ್ಟನ್ನೇ ನಂಬಿ ಕೂತಿದ್ದೆ.

ನಮ್ಮಲ್ಲಿ ವರ್ನಿಯರ್ ಕ್ಯಾಲಿಪರ್, ಅಂದರೆ ಎರಡು ದವಡೆಗಳ ನಡುವೆ ವಸ್ತು ಹಿಡಿದು ಸೂಕ್ಷ್ಮವಾಗಿ ಅಳೆಯುವ ಉಪಕರಣದ ಪಾಠವನ್ನು ಆನ್‌ಲೈನ್ ಮಾಡಿದ್ದೆವು. ಕ್ವಿಜ್‌ನಲ್ಲಿ ಹೆಚ್ಚಿನವರು ಪಾಸಾದರು. ವರ್ಕ್‌ಶಾಪ್‌ಗೆ ಬಂದಾಗ ಅದೇ ಹುಡುಗರು ಒಂದೇ ಜಾಬನ್ನು (ಕೆಲಸಕ್ಕೆ ಕೊಟ್ಟ ತುಂಡನ್ನು) ಮೂರು ಸಲ ಅಳೆದು ಮೂರು ಅಳತೆ ಹೇಳಿದರು. 0.02 ಮಿ.ಮೀ. ವರೆಗೆ ಓದುವ ಉಪಕರಣ ಅದು. ಕ್ವಿಜ್‌ನಲ್ಲಿ ನಾವು ಕೊಟ್ಟಿದ್ದು ಸ್ಕೇಲಿನ ಚಿತ್ರ. ಅಳತೆ ಆಗಲೇ ಕೂತಿತ್ತು, ಓದಿದರೆ ಮುಗಿಯಿತು. ದವಡೆಯನ್ನು ಎಷ್ಟು ಒತ್ತಬೇಕು, ಜಾಬನ್ನು ಓರೆ ಹಿಡಿಯಬಾರದು, ಮೊದಲು ದವಡೆ ಮುಚ್ಚಿ ಸೊನ್ನೆ ತೋರಿಸುತ್ತದಾ ನೋಡಿಕೊಳ್ಳಬೇಕು ಎನ್ನುವುದನ್ನೆಲ್ಲ ಯಾರೂ ಕೈಯಾರೆ ಮಾಡಿರಲಿಲ್ಲ. ತಪ್ಪು ಹುಡುಗರದ್ದಲ್ಲ, ನಾವು ಅಳೆದದ್ದೇ ಬೇರೆ.

ಆಮೇಲೆ ಇನ್ನೊಂದು ತರಬೇತಿ ಕೇಂದ್ರದವರ ಜೊತೆ ಕೂತು ಮಾತಾಡಿದೆ. ಅವರ ಪಾಸ್ ಲೆಕ್ಕ ನಮಗಿಂತ ಕಡಿಮೆ! ಆದರೆ ಅವರು ಪ್ರತಿ ಟ್ರೈನಿಯಿಂದ ಅಳೆಯುವ ವಿಡಿಯೋ ತರಿಸಿಕೊಳ್ಳುತ್ತಿದ್ದರು. ಇನ್‌ಸ್ಟ್ರಕ್ಟರ್ ಅದನ್ನು ನೋಡಿ ಎರಡು ದಿನದೊಳಗೆ ತಪ್ಪು ಹೇಳುತ್ತಿದ್ದರು, ಹುಡುಗ ಮತ್ತೆ ಮಾಡಿ ಕಳಿಸಬೇಕಿತ್ತು. ಬರೀ ಅಂಕಿ ಹೋಲಿಸಿದ್ದರೆ ನಾವೇ ಗೆದ್ದೆವು ಅಂದುಕೊಳ್ಳುತ್ತಿದ್ದೆ. ಕೆಲಸ ಮಾಡುವ ರೀತಿ ಹೋಲಿಸಿದಾಗ ಕಲಿಯುವುದು ಸಿಕ್ಕಿತು.

ಬೆಂಚ್‌ಮಾರ್ಕಿಂಗ್, ಅಂದರೆ ಚೆನ್ನಾಗಿ ಮಾಡುವವರ ಜೊತೆ ನಮ್ಮ ಕೆಲಸ ಹೋಲಿಸಿ ಕಲಿಯುವುದು, ಮೂಲದಲ್ಲಿ ಇದೇ ಅಲ್ವಾ. 1979ರ ಸುಮಾರಿಗೆ ಜೆರಾಕ್ಸ್ ಕಂಪನಿ ಇದನ್ನು ಶುರು ಮಾಡಿತು. ಮುಂದೆ ತನ್ನ ಗೋದಾಮಿನ ಕೆಲಸ ಸುಧಾರಿಸಲು ಅದು ಹೋಗಿ ನೋಡಿದ್ದು ಎಲ್.ಎಲ್. ಬೀನ್ ಎಂಬ, ಬೂಟು ಬಟ್ಟೆ ಮಾರುವ ಕಂಪನಿಯನ್ನು. ಸಾಮಾನು ಬೇರೆ, ಆದರೆ ಆರ್ಡರ್ ಬಂದಾಗ ಅದನ್ನು ಹುಡುಕಿ ತೆಗೆಯುವ ಕೆಲಸ ಒಂದೇ. ಹಾಗಾಗಿ ನೀವೂ ಫಿಟ್ಟರ್ ಕೋರ್ಸನ್ನೇ ಹುಡುಕಬೇಕಿಲ್ಲ. ಪ್ರಾಕ್ಟಿಕಲ್ ವಿಡಿಯೋಗಳಿಗೆ ಚೆನ್ನಾಗಿ ಉತ್ತರ ಕೊಡುವ ಹೊಲಿಗೆ ಕೋರ್ಸ್ ಸಿಕ್ಕರೆ ಅಲ್ಲೇ ಕಲಿಯಿರಿ.

ಸಿದ್ಧ ಪಟ್ಟಿಗಳೂ ಇವೆ. 2000ದಲ್ಲಿ ಅಮೆರಿಕದಲ್ಲಿ ಆನ್‌ಲೈನ್ ಶಿಕ್ಷಣಕ್ಕೆ 24 ಬೆಂಚ್‌ಮಾರ್ಕ್‌ಗಳ (ಗುಣಮಟ್ಟ ಅಳೆಯುವ ಮಾನದಂಡಗಳ) ಪಟ್ಟಿಯೊಂದು ಬಂತು. ಅದು ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಆದರೂ ವಿದ್ಯಾರ್ಥಿಗೆ ಸಮಯಕ್ಕೆ ಸರಿಯಾಗಿ ಉತ್ತರ ಸಿಗಬೇಕು ಎನ್ನುವ ಅಂಶ ನಮಗೂ ಬೇಕು. ನನಗೆ ಜಾಸ್ತಿ ಹಿಡಿಸಿದ್ದು ಯುರೋಪಿನ ಇಕ್ವಾವೆಟ್. 2009ರ ಆ ಗುಣಮಟ್ಟದ ಚೌಕಟ್ಟು ವೃತ್ತಿ ತರಬೇತಿಗೆಂದೇ ಮಾಡಿದ್ದು. ಅದರ 10 ಸೂಚಕಗಳಲ್ಲಿ ಕೆಲಸ ಸಿಕ್ಕಿತಾ ಎನ್ನುವುದೂ ಇದೆ, ಕಲಿತದ್ದು ಕೆಲಸದಲ್ಲಿ ಬಳಕೆಯಾಗುತ್ತಿದೆಯಾ ಎನ್ನುವುದೂ ಇದೆ. ಲಾಗಿನ್ ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ.

ಒಂದು ಎಚ್ಚರಿಕೆ. 'ಮುಗಿಸಿದವರು' ಅಂದರೆ ಯಾರು ಎಂದು ಎರಡೂ ಕಡೆ ಮೊದಲೇ ಒಪ್ಪಿಕೊಳ್ಳಿ. ಮೊದಲ ವಾರದಲ್ಲೇ ಬಿಟ್ಟವರನ್ನು ಲೆಕ್ಕದಿಂದ ತೆಗೆದರೆ ಶೇಕಡಾ ಸುಮ್ನೆ ಏರುತ್ತದೆ. ದಿನವಿಡೀ ದುಡಿದು ರಾತ್ರಿ ಓದುವವರ ಬ್ಯಾಚನ್ನು ಪೂರ್ಣಾವಧಿ ವಿದ್ಯಾರ್ಥಿಗಳ ಪಕ್ಕ ಇಡುವುದೂ ಅನ್ಯಾಯ. ಅವರು ಹಿಂದೆ ಬಿದ್ದ ಹಾಗೆ ಕಾಣುತ್ತದೆ, ನಿಜಕ್ಕೂ ಅವರೇ ಜಾಸ್ತಿ ಕಷ್ಟಪಟ್ಟಿರುತ್ತಾರೆ.

ಎಲ್ಲಾ ಕೋರ್ಸನ್ನು ಒಟ್ಟಿಗೆ ಹಿಡಿಯಬೇಡಿ. ಕೈಕೆಲಸ ಇರುವ ಒಂದು ಪಾಠ ಆರಿಸಿ. ಟ್ರೈನಿಗೆ ಉತ್ತರ ಸಿಗಲು ಎಷ್ಟು ದಿನ, ಎಷ್ಟನೇ ಸಲಕ್ಕೆ ಜಾಬ್ ಸರಿ ಬಂತು, ಮೂರು ತಿಂಗಳ ನಂತರ ಕೆಲಸದ ಜಾಗದಲ್ಲಿ ಸೂಪರ್‌ವೈಸರ್ ಏನಂದರು, ಈ ಮೂರನ್ನು ಬರೆದಿಡಿ. ಮೊದಲು ನಿಮ್ಮದೇ ಹಿಂದಿನ ಬ್ಯಾಚಿನ ಜೊತೆ ಹೋಲಿಸಿ. ಆಮೇಲೆ ಅದನ್ನು ಹಿಡಿದುಕೊಂಡು ಬೇರೆ ಸಂಸ್ಥೆಗೆ ಹೋಗಿ.