ಫೋಟೋದಲ್ಲಿ ವಿಮಾನದ ಒಂದು ಭಾಗ ಮಾತ್ರ ಕಂಡರೆ ಅದು ಯಾವುದು ಅಂತ ಹೇಗೆ ಹೇಳುತ್ತಾರೆ?

ಕಂಪನಿಯ ಬಣ್ಣ ನೋಡಿ ಹೇಳಲು ಹೋಗಬೇಡಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಳಿ ಬೋಯಿಂಗ್ 737 ಕೂಡ ಇದೆ, ಏರ್‌ಬಸ್ ಎ320 ಕೂಡ ಇದೆ. ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದೂ ಇವೆರಡರಲ್ಲೇ, ಅಲ್ವಾ?

ಬಾಲ ಕಂಡರೆ ಅದರ ಬುಡ ನೋಡಿ. 737ರಲ್ಲಿ ಬಾಲದ ಮುಂದಂಚು ಬುಡದ ಹತ್ತಿರ ಥಟ್ಟನೆ ಬಾಗಿ, ಮೈಮೇಲೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಎ320ರಲ್ಲಿ ಹೆಚ್ಚುಕಡಿಮೆ ಸೀದಾ ಇಳಿಯುತ್ತದೆ.

ಎಂಜಿನ್ ಕಂಡರೆ ಇನ್ನೂ ಮಜಾ. 737 ನೆಲಕ್ಕೆ ತೀರಾ ಹತ್ತಿರ. 1980ರ ದಶಕದಲ್ಲಿ ದೊಡ್ಡ ಎಂಜಿನ್ ಕೂರಿಸುವಾಗ ಕೆಳಗೆ ಜಾಗ ಸಾಲಲಿಲ್ಲ. ಅಡಿಯಲ್ಲಿದ್ದ ಬಿಡಿಭಾಗಗಳನ್ನು ಪಕ್ಕಕ್ಕೆ ಸರಿಸಿದರು, ಎಂಜಿನ್ನಿನ ಬಾಯಿ ಕೆಳಗಡೆ ಚಪ್ಪಟೆಯಾಯಿತು. ಎ320ರದ್ದು ದುಂಡಗಿದೆ. ಹಾರುವಾಗ ಕೆಳಗಿನಿಂದ ತೆಗೆದ ಫೋಟೋ ಆದರೆ ಕೆಲಸ ಇನ್ನೂ ಸುಲಭ: 737ರ ಹಿಂದಿನ ಚಕ್ರಗಳನ್ನು ಪೂರ್ತಿ ಮುಚ್ಚುವ ಬಾಗಿಲೇ ಇಲ್ಲ, ಹೊಟ್ಟೆಯಲ್ಲಿ ಎರಡು ಕಪ್ಪು ಬಿಲ್ಲೆ ಕಾಣುತ್ತವೆ.

ಎಂಜಿನ್ನಿನ ಹಿಂದಂಚಿನಲ್ಲಿ ಗರಗಸದ ಹಲ್ಲು ಕಂಡ ತಕ್ಷಣ 787 ಅನ್ನುವವರಿದ್ದಾರೆ. ಸುಮ್ನೆ ಆತುರ. 747-8, 737 ಮ್ಯಾಕ್ಸ್‌ಗಳಲ್ಲೂ ಅದಿದೆ.

ಬಾಹ್ಯಾಕಾಶ ನೌಕೆಗೂ ಇದೇ ಲೆಕ್ಕ. ಅಮೆರಿಕದ ಸ್ಪೇಸ್ ಶಟಲ್, ಸೋವಿಯತ್ ಬುರಾನ್ ಮೇಲ್ನೋಟಕ್ಕೆ ಒಂದೇ ಥರ. ಹಿಂಭಾಗ ನೋಡಿ. ಶಟಲ್‌ಗೆ ಮೂರು ದೊಡ್ಡ ಎಂಜಿನ್. ಬುರಾನ್‌ಗೆ ಅವಿಲ್ಲ, ಅದನ್ನು ಮೇಲಕ್ಕೆ ಹೊತ್ತೊಯ್ದದ್ದು ಎನರ್ಜಿಯಾ ರಾಕೆಟ್. ಶಟಲ್ ಬಾಲದ ತುದಿಯಲ್ಲಿ ಕೊಳವೆಯಂಥ ಗೂಡು ಇದ್ದರೆ ಅದು ಕೊಲಂಬಿಯಾ. ಇನ್‌ಫ್ರಾರೆಡ್ ಕ್ಯಾಮೆರಾಗೆಂದು ಮಾಡಿದ್ದ ಆ ಗೂಡು ಬೇರೆ ಯಾವ ಶಟಲ್‌ಗೂ ಇರಲಿಲ್ಲ.