ಹಕ್ಕಿಗೆ ಟೇಪ್ ಯಾಕೆ?

ಪ್ರಶ್ನೆ: ಮಗಳು ವಾಟ್ಸಾಪ್‌ನಲ್ಲಿ ಫಿನ್ಲೆಂಡಿನ ಒಂದು ಸಂಗೀತ ಕಳಿಸಿದ್ದಾಳೆ ಸಾರ್, ರೌತವಾರ ಅನ್ನುವವರದ್ದು. ವಾದ್ಯಗಳ ಜೊತೆ ಟೇಪಿನಲ್ಲಿ ಹಕ್ಕಿಗಳೂ ಕೂಗುತ್ತವೆ. ನಮ್ಮ ತೋಟದಲ್ಲಿ ಬೆಳಗಾದರೆ ಇದೇ ಗಲಾಟೆ. ಇದು ಸುಮ್ನೆ ಗಿಮಿಕ್ ಅಲ್ವಾ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಕೇಳಿದಾಗ ಹೊರಗೆ ಯಾವುದೋ ಹಕ್ಕಿ ಕೂಗ್ತಿದೆ ಅಂತ ಕಿಟಕಿ ಹತ್ತಿರ ಹೋಗಿ ಬೇರೆ ನೋಡಿದೆ! ನಿಮ್ಮ ಮಗಳು ಕಳಿಸಿರುವುದು 'ಕಾಂಟುಸ್ ಆರ್ಕ್ಟಿಕುಸ್' ಇರಬೇಕು. ಹಕ್ಕಿಗಳಿಗೂ ಆರ್ಕೆಸ್ಟ್ರಾಕ್ಕೂ ಬರೆದ ಕನ್ಚೆರ್ಟೊ ಅಂತಲೇ ಅವರು ಅದನ್ನು ಕರೆದಿದ್ದಾರೆ. ಕನ್ಚೆರ್ಟೊದಲ್ಲಿ ಪಿಯಾನೊದವರೋ ಪಿಟೀಲಿನವರೋ ಮುಂದೆ ಇರುತ್ತಾರೆ, ಉಳಿದವರು ಜೊತೆ ಕೊಡುತ್ತಾರೆ. ಇಲ್ಲಿ ಆ ಮುಂದಿನ ಜಾಗ ಹಕ್ಕಿಗಳದ್ದು.

ಇದು ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಮೊದಲ ಡಾಕ್ಟರೇಟ್ ಪದವಿ ಸಮಾರಂಭಕ್ಕೆ 1972ರಲ್ಲಿ ಬರೆದದ್ದು. ಅಂಥ ಕಡೆ ಒಂದು ಗಂಭೀರ ಗಾಯನ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಇವರು ಆರ್ಕ್ಟಿಕ್ ವೃತ್ತದ ಹತ್ತಿರವೂ ಲಿಮಿಂಕಾ ಊರಿನ ಜೌಗಿನಲ್ಲೂ ಟೇಪಿಗೆ ಹಿಡಿದ ಹಕ್ಕಿ ದನಿಗಳನ್ನು ತಂದರು. ಶುರುವಿನಲ್ಲಿ ಎರಡು ಕೊಳಲು, ಆಮೇಲೆ ಹಕ್ಕಿಗಳು. ಎರಡನೇ ಭಾಗ ಗಮನಿಸಿ. ಒಂದು ಪುಟ್ಟ ನೆಲಗುಬ್ಬಿ ಜಾತಿಯ ಹಕ್ಕಿಯ ಹಾಡನ್ನು ಎರಡು ಸ್ಥಾಯಿ ಕೆಳಗೆ ಇಳಿಸಿದ್ದಾರೆ, ಕೇಳಿದರೆ ಯಾವುದೋ ದೆವ್ವದ ಹಕ್ಕಿ ಅನ್ನಿಸುತ್ತದೆ. ನಿಮ್ಮ ತೋಟದಲ್ಲಿ ಎಷ್ಟೇ ಗಲಾಟೆ ಇದ್ದರೂ ಈ ಹಕ್ಕಿ ಸಿಗಲ್ಲ, ಟೇಪ್ ಬೇಕಾದದ್ದು ಅದಕ್ಕೇ.

ಐನೊಯುಹಾನಿ ರೌತವಾರ 1928ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವರು, 2016ರಲ್ಲಿ ತೀರಿಕೊಂಡರು. 1955ರಲ್ಲಿ ಫಿನ್ಲೆಂಡಿನ ಹೆಸರಾಂತ ಸಂಗೀತ ರಚನೆಕಾರ, ಮುದುಕ ಸಿಬೇಲಿಯಸ್ ಅವರೇ ಇವರ ಹೆಸರು ಸೂಚಿಸಿ ವಿದ್ಯಾರ್ಥಿವೇತನ ಕೊಡಿಸಿದರು, ಇವರು ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಕಲಿತರು. ಆಮೇಲೆ ಹನ್ನೆರಡು ಸ್ವರಗಳ ಪದ್ಧತಿಯ ಹುಚ್ಚು ಹಿಡಿಯಿತು. ನಮ್ಮ ಹನ್ನೆರಡು ಸ್ವರಸ್ಥಾನಗಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ, ಯಾವುದಕ್ಕೂ ಷಡ್ಜದ ದೊಡ್ಡಸ್ತಿಕೆ ಕೊಡದೆ ಆ ಸಾಲಿನಿಂದಲೇ ಕಟ್ಟುತ್ತಾ ಹೋದರೆ ಹೇಗಿರುತ್ತೆ, ಹಾಗೆ. ಅವರ ನಾಲ್ಕನೇ ಸಿಂಫನಿ (ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಆ ಕಾಲದ್ದು, ನನಗಂತೂ ಇನ್ನೂ ಒಗ್ಗಿಲ್ಲ. ಮುಂದೆ ದಾರಿ ಬದಲಿಸಿ ಮೆತ್ತಗಿನ, ಉದ್ದುದ್ದ ರಾಗಗಳ ಕಡೆ ಬಂದರು. 1994ರ ಏಳನೇ ಸಿಂಫನಿ, 'ಏಂಜಲ್ ಆಫ್ ಲೈಟ್', ಕೇಳಿದರೆ ಗೊತ್ತಾಗುತ್ತದೆ.

ಫೋನಿನ ಸ್ಪೀಕರ್ ಬೇಡ ಸಾರ್, ಇಯರ್‌ಫೋನ್ ಹಾಕಿಕೊಳ್ಳಿ. ಮಳೆಗಾಲದಲ್ಲಿ ನಿಮ್ಮ ಹಳ್ಳದ ಹತ್ತಿರ ಶಾಲೆ ಹುಡುಗನ ಹಾಗೆ ಶಿಳ್ಳೆ ಹೊಡೆಯುತ್ತದಲ್ಲ ಆ ನೀಲಿ-ಕಪ್ಪು ಹಕ್ಕಿ, ಅದು ಸುಮ್ಮನಾದ ಮೇಲೆ ಹಾಕಿ. ಇಲ್ಲದಿದ್ದರೆ ಕೊನೆಯಲ್ಲಿ ವಲಸೆ ಹೊರಟ ಹಂಸಗಳ ಕೂಗು ದೂರ ದೂರ ಆಗುವುದು ಕೇಳಿಸೋದೇ ಇಲ್ಲ.