ಪ್ರತಿಕ್ರಿಯೆ: ವಿಂಡೋಸ್‌ನಿಂದ ಉಬುಂಟು ಫೋಲ್ಡರ್ ತೆರೆಯದಿರುವ ಬಗ್ಗೆ

ದಾವಣಗೆರೆ ಮಂಡಿಪೇಟೆಯ ನಿಮ್ಮ ಮುದ್ರಣದ ಅಂಗಡಿಯಲ್ಲಿ, ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇರುವ ಕಂಪ್ಯೂಟರ್‌ನಲ್ಲಿನ ಲಗ್ನಪತ್ರಿಕೆಗಳ ಫೋಲ್ಡರನ್ನು ವಿಂಡೋಸ್ 11ರಿಂದ ತೆರೆಯಲು ಹೋದರೆ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೇಳುತ್ತದೆ ಎಂದಿದ್ದೀರಿ. ಪಾಸ್‌ವರ್ಡ್ ಕೇಳುವಷ್ಟು ದೂರ ಹೋಗಿದೆ ಎಂದಮೇಲೆ ಕೇಬಲ್, ರೂಟರ್‌ಗಳನ್ನು ಅನುಮಾನಿಸಬೇಡಿ.

ಉಬುಂಟುವಿನ ಫೋಲ್ಡರನ್ನು ವಿಂಡೋಸ್ ಜೊತೆ ಹಂಚಿಕೊಳ್ಳುವ ತಂತ್ರಾಂಶ ಸಾಂಬಾ. ಉಬುಂಟುವಿಗೆ ಲಾಗಿನ್ ಆಗುವ ಪಾಸ್‌ವರ್ಡ್ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಅದು ಪಾಸ್‌ವರ್ಡ್‌ಗಳ ತನ್ನದೇ ಬೇರೆ ಪಟ್ಟಿ ಇಟ್ಟುಕೊಂಡಿರುತ್ತದೆ. ಬಹುಪಾಲು ಜನ ಎಡವುವುದು ಇಲ್ಲೇ. ಉಬುಂಟುವಿನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘sudo smbpasswd -a’ ಆದೇಶ ಕೊಟ್ಟು, ಮುಂದೆ ನಿಮ್ಮ ಉಬುಂಟು ಬಳಕೆದಾರ ಹೆಸರು ಬರೆಯಿರಿ. ಆಗ ಕೇಳುವ ಹೊಸ ಪಾಸ್‌ವರ್ಡೇ ವಿಂಡೋಸ್‌ನಲ್ಲಿ ಕೊಡಬೇಕಾದದ್ದು. ಹೆಸರೂ ಉಬುಂಟುವಿನದ್ದೇ ಇರಲಿ. ವಿಂಡೋಸ್ ತೆರೆಯಲು ಒತ್ತುವ ಪಿನ್ ಇಲ್ಲಿ ನಡೆಯುವುದಿಲ್ಲ.

ಆದರೂ ಹಟ ಮಾಡಿದರೆ ಹಳೆಯ ನೆನಪು ಅಡ್ಡ ಬರುತ್ತಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಜಾಗ) ಉಬುಂಟು ಕಂಪ್ಯೂಟರ್‌ನ ಹೆಸರಿನಲ್ಲಿ ಅಥವಾ ಐಪಿ ವಿಳಾಸದಲ್ಲಿ ಉಳಿದಿರುವ ನಮೂದನ್ನು ಅಳಿಸಿ, ವಿಂಡೋಸನ್ನು ರೀಸ್ಟಾರ್ಟ್ ಮಾಡಿ. ಒಂದೇ ಸರ್ವರ್‌ಗೆ ಒಂದೇ ಸಮಯದಲ್ಲಿ ಎರಡು ಹೆಸರುಗಳಿಂದ ಸಂಪರ್ಕಿಸಲು ವಿಂಡೋಸ್ ಬಿಡುವುದಿಲ್ಲ, ಹಾಗಾಗಿ ರೀಸ್ಟಾರ್ಟ್ ತಪ್ಪಿಸಬೇಡಿ.

ಪಾಸ್‌ವರ್ಡೇ ಬೇಡವೆಂದು ‘ಗೆಸ್ಟ್’ (ಯಾರು ಬೇಕಾದರೂ ತೆರೆಯುವ ವ್ಯವಸ್ಥೆ) ಇಡುವ ಯೋಚನೆಯನ್ನು ಬಿಡಿ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಅದನ್ನು ಮೊದಲೇ ತಡೆದಿರುತ್ತದೆ. ಫೈಲ್ ಹಂಚಿಕೆಯ ಹಳೆಯ ವಿಧಾನವಾದ ಎಸ್‌ಎಂಬಿ 1 ಚಾಲೂ ಮಾಡಿ ಎಂದು ನಿಮ್ಮ ಸ್ನೇಹಿತರು ಹೇಳಿದ್ದಂತೂ ಖಂಡಿತ ಬೇಡ. 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಬಾಗಿಲಿನಿಂದ.